ತೂತು ಬಿದ್ದ ಎಲೆಗಳ ಬಾಲ್ಕನಿ

ಮೂರು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ನಮ್ಮ ಬಾಲ್ಕನಿಯ ಕರಿಬೇವಿನ ಗಿಡದ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಭಾವಿಸಿ ಒದ್ದೆ ಬಟ್ಟೆಯಿಂದ ಒರೆಸತೊಡಗಿದೆ. ಎರಡು ಎಲೆಗಳನ್ನು ಒರೆಸಿ ಮೂರನೆಯದಕ್ಕೆ ಬಂದಾಗ ಆ ಹಿಕ್ಕೆ ಮೆಲ್ಲನೆ ತಲೆ ಎತ್ತಿತು. ನೆತ್ತಿಯ ಒಳಗಿನಿಂದ ಕೆಂಪು ಬಣ್ಣದ ಕವಲು ಕೊಂಬೊಂದನ್ನು ಹೊರಚಾಚಿ, ಕೊಳೆತ ನಿಂಬೆಯಂತಹ ಒಂದು ಘಾಟು ವಾಸನೆಯನ್ನು ಬಿಟ್ಟಿತು. ಹಿಂದಿನ ಎರಡು ಎಲೆಗಳಲ್ಲಿ ನಾನು ಒರೆಸಿ ತೆಗೆದದ್ದೂ ಹಿಕ್ಕೆಯಾಗಿರಲಿಲ್ಲ ಎಂಬುದು ಆಗ ಹೊಳೆಯಿತು.

ಅದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಮರಿಹುಳು. ಎಳೆಯದಾಗಿರುವಾಗ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದಲ್ಲಿದ್ದು ಹಕ್ಕಿಗಳ ಕಣ್ಣು ತಪ್ಪಿಸುವ ಈ ಹುಳು, ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಒಟ್ಟು ಸುಮಾರು ಒಂದು ತಿಂಗಳು ಬೇಕು. ಆ ದಿನದವರೆಗೆ ನನ್ನ ಬಾಲ್ಕನಿಯಲ್ಲಿ ಹೂವಿಗೇನೂ ಕೊರತೆಯಿರಲಿಲ್ಲ. ಎರಡು ವರ್ಷ ಸಿಕ್ಕಿದ ಹೂಗಿಡಗಳನ್ನೆಲ್ಲ ತಂದು ತುಂಬಿಸಿದ್ದೆ. ಚಿಟ್ಟೆಗಳು ಬರುತ್ತಿದ್ದವು, ಹೀರುತ್ತಿದ್ದವು, ಕಟಕಟೆ ದಾಟಿ ಹೋಗುತ್ತಿದ್ದವು. ಹೂವು ಕಂಡು ಬರುವವರು ನೆಂಟರು, ಎಲೆ ತಿನ್ನಲು ಬಿಟ್ಟರೆ ಮಾತ್ರ ಸಂಸಾರ ಹೂಡುತ್ತಾರೆ ಎಂಬುದನ್ನು ಆ ಕರಿಬೇವಿನ ಗಿಡ ನನಗೆ ಕಲಿಸಿತು, ಮತ್ತು ಆಮೇಲೆ ನಾನು ಮಾಡಿದ ಬದಲಾವಣೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ, ಮೂರನೆಯ ಮಹಡಿಯಲ್ಲಿದೆ. ಬಾಲ್ಕನಿ 11 ಅಡಿ ಉದ್ದ, 4 ಅಡಿ ಅಗಲ. ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ನೇರ ಬಿಸಿಲು, ಮಳೆಗಾಲದಲ್ಲಿ ಕಡಲ ಕಡೆಯಿಂದ ಬರುವ ನೇರ ಇರಚಲು. ಇದರ ಜೊತೆಗೆ ಕೆಳಗೆ ಕಾರು ನಿಲ್ಲಿಸುವ ಜಾಗದ ಆಚೆ, ಕೆಂಪುಕಲ್ಲಿನ ಕಂಪೌಂಡು ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಅಗಲದ ಮಣ್ಣಿನ ಪಟ್ಟಿಯೊಂದಿದೆ. ಯಾರಿಗೂ ಬೇಡವಾಗಿದ್ದ ಆ ಪಟ್ಟಿಯನ್ನು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೇಳಿ ಪಡೆದುಕೊಂಡೆ. ನನ್ನ ತೋಟ ಎಂದರೆ ಇಷ್ಟೇ.

ಜಾಗದ ಅಳತೆಗಿಂತ ಮೊದಲು ನೋಡಬೇಕಾದದ್ದು ಬಿಸಿಲಿನ ಅಳತೆ ಎಂಬುದು ನನ್ನ ಅನುಭವ. ಹೂಬಿಡುವ ಗಿಡಗಳಲ್ಲಿ ಹೆಚ್ಚಿನವಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು, ಮತ್ತು ಚಿಟ್ಟೆಗಳು ಮೈ ಬಿಸಿಯಾಗದೆ ಹಾರುವುದಿಲ್ಲ. ಎರಡನೆಯದು ತೂಕ. 12 ಇಂಚಿನ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ 20 ಕಿಲೋ ದಾಟುತ್ತದೆ. ಅಂತಹ ಹತ್ತು ಕುಂಡಗಳನ್ನು ಬಾಲ್ಕನಿಯ ಹೊರ ಅಂಚಿಗೆ ಸಾಲಾಗಿ ಇಡುವುದಕ್ಕಿಂತ, ದೊಡ್ಡ ಕುಂಡಗಳನ್ನು ಮನೆಯ ಗೋಡೆಯ ಕಡೆಗೂ ಹಗುರವಾದವನ್ನು ಕಟಕಟೆಯ ಕಡೆಗೂ ಇಡುವುದು ಕ್ಷೇಮ. ನಾನು ಮಣ್ಣಿನ ಜೊತೆ ಅರ್ಧದಷ್ಟು ತೆಂಗಿನ ನಾರಿನ ಪುಡಿಯನ್ನು ಬೆರೆಸುತ್ತೇನೆ. ನಮ್ಮ ಊರಿನಲ್ಲಿ ತೆಂಗಿನಕಾಯಿಯ ಸಿಪ್ಪೆಗೆ ಬರವೇನೂ ಇಲ್ಲ.

ಕರಿಬೇವಿನ ಹುಳುಗಳನ್ನು ಬಿಡುವುದೆಂದು ನಿರ್ಧರಿಸಿದಾಗ ಮನೆಯಲ್ಲಿ ಮೊದಲ ತಕರಾರು ಅತ್ತೆಯವರಿಂದ ಬಂತು. ಕಾರ್ಕಳದ ಕಡೆಯ ಹಿತ್ತಿಲಿನಲ್ಲಿ ಆಳೆತ್ತರದ ಕರಿಬೇವಿನ ಮರ ಕಂಡು ಬೆಳೆದವರಿಗೆ, ಕುಂಡದಲ್ಲಿರುವ ಒಂದೇ ಒಂದು ಗಿಡವನ್ನು ಹುಳುವಿಗೆ ಬಿಟ್ಟುಕೊಡುವುದು ಹುಚ್ಚಾಟವಾಗಿ ಕಂಡದ್ದರಲ್ಲಿ ತಪ್ಪೇನೂ ಇಲ್ಲ. "ಹುಳಕ್ಕೆ ಬೇಕಂತ ಸಾರಿಗೆ ಒಗ್ಗರಣೆ ಇಲ್ಲದೆ ಉಣ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎಂದು ಕೇಳಿದರು. ಬೆಳೆದ ಹುಳು ದಿನಕ್ಕೆ ಒಂದೆರಡು ಎಸಳನ್ನು ಪೂರ್ತಿ ಬೋಳಿಸುವುದೂ ನಿಜ. ಐದಾರು ಹುಳುಗಳಿದ್ದರೆ ಎರಡಡಿಯ ಗಿಡ ವಾರದಲ್ಲಿ ಕಡ್ಡಿಯಾಗುತ್ತದೆ. ಕೊನೆಗೆ ಮಾಡಿಕೊಂಡ ಒಪ್ಪಂದ ಹೀಗಿತ್ತು: ಎರಡನೆಯ ಕರಿಬೇವಿನ ಗಿಡವೊಂದನ್ನು ತರುವುದು, ಒಂದು ಅಡುಗೆಗೆ, ಇನ್ನೊಂದು ಹುಳುಗಳಿಗೆ. ಅಡುಗೆಯ ಗಿಡದಲ್ಲಿ ಮೊಟ್ಟೆಯೋ ಹುಳುವೋ ಕಂಡರೆ ಅದನ್ನು ಕೈಯಿಂದ ಕೀಳದೆ, ಎಲೆಯ ಸಮೇತ ಕತ್ತರಿಸಿ ಪಕ್ಕದ ಗಿಡದ ಕವಲಿನಲ್ಲಿ ಸಿಕ್ಕಿಸಿದರೆ ಸಾಕು, ಎಲೆ ಬಾಡುವಷ್ಟರಲ್ಲಿ ಹುಳು ತಾನಾಗಿ ಹೊಸ ಎಲೆಗೆ ಹತ್ತುತ್ತದೆ. ಬೋಳಾದ ಗಿಡಕ್ಕೆ ಒಂದು ಹಿಡಿ ಗೊಬ್ಬರ ಹಾಕಿದರೆ ಮೂರು ವಾರದಲ್ಲಿ ಚಿಗುರುತ್ತದೆ. ಕರಿಬೇವು ಸಾಯುವುದಿಲ್ಲ, ನಾವು ಹಾಗೆ ಹೆದರುತ್ತೇವೆ ಅಷ್ಟೆ.

ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ ಗಿಡವಾದ್ದರಿಂದ ಮಾರ್ಮನ್ ಚಿಟ್ಟೆಗೆ ಎರಡೂ ಆಗುತ್ತವೆ. ಆಮೇಲೆ ತಂದ ನಿಂಬೆಯ ಗಿಡಕ್ಕೆ ಲೈಮ್ ಚಿಟ್ಟೆ ಬಂತು. ಒಮ್ಮೆ, ಮಳೆ ನಿಂತ ಹೊಸತರಲ್ಲಿ, ಅಂಗೈಯಷ್ಟು ದೊಡ್ಡದಾದ ನೀಲಿ-ಕಪ್ಪಿನ ಬ್ಲೂ ಮಾರ್ಮನ್ ಬಂದು ಎಲೆಗಳ ಮೇಲೆ ಹೊಟ್ಟೆಯ ತುದಿಯನ್ನು ಬಾಗಿಸಿ ಒಂದೊಂದೇ ಮೊಟ್ಟೆಯಿಟ್ಟು ಹೋಯಿತು. ಚಿಟ್ಟೆ ಎಲೆಯನ್ನು ಗುರುತಿಸುವುದು ಮುಖ್ಯವಾಗಿ ಮುಂಗಾಲುಗಳಿಂದ ಅದರ ರುಚಿ ನೋಡಿ. ತನ್ನ ಮರಿಗಳು ತಿನ್ನಬಲ್ಲ ಎಲೆಯಲ್ಲದಿದ್ದರೆ ಎಷ್ಟೇ ಚಂದದ ಗಿಡವಾದರೂ ಮೊಟ್ಟೆಯಿಡುವುದಿಲ್ಲ. ಹೂವಿನ ವಿಷಯದಲ್ಲಿ ಚಿಟ್ಟೆಗಳಿಗೆ ಅಷ್ಟು ಮಡಿವಂತಿಕೆಯಿಲ್ಲ, ಎಲೆಯ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು.

ಆದುದರಿಂದ ಸಣ್ಣ ಜಾಗದಲ್ಲಿ ಏನನ್ನು ನೆಡಬೇಕೆಂಬ ಪ್ರಶ್ನೆಗೆ ನಾನು ಎಲೆಯಿಂದ ಶುರುಮಾಡುತ್ತೇನೆ. ಕಣಗಿಲೆಗೆ ಕಾಮನ್ ಕ್ರೋ ಬರುತ್ತದೆ. ಚಿಟ್ಟೆ ಕಂದು ಬಣ್ಣದ ಸಾಧಾರಣ ರೂಪದ್ದಾದರೂ ಅದರ ಕೋಶ ಮಾತ್ರ ಬೆಳ್ಳಿಯ ತಟ್ಟೆಯನ್ನು ಮಡಚಿ ನೇತುಹಾಕಿದಂತೆ ಹೊಳೆಯುತ್ತದೆ, ನೋಡಿದವರೆಲ್ಲ ಯಾರೋ ಅಂಟಿಸಿದ ಅಲಂಕಾರವೆಂದೇ ತಿಳಿಯುತ್ತಾರೆ. ಎಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಬರುತ್ತದೆ. ಇವೆರಡರ ಹಾಲೂ ಎಲೆಯೂ ವಿಷವಾದ್ದರಿಂದ ಪುಟ್ಟ ಮಕ್ಕಳಿರುವ ಮನೆಯ ಬಾಲ್ಕನಿಗೆ ನಾನು ಇವನ್ನು ಹೇಳುವುದಿಲ್ಲ. ನಮ್ಮಲ್ಲಿಯೂ ಇವು ಕೆಳಗಿನ ಮಣ್ಣಿನ ಪಟ್ಟಿಯಲ್ಲಿವೆ. ಅಲ್ಲಿಯೇ ಮೊದಲ ಮಳೆಗೆ ತಾನಾಗಿ ಹುಟ್ಟುವ ತಜಂಕ್, ಎಂದರೆ ತಗಟೆ ಸೊಪ್ಪು, ಇನ್ನೊಂದು ದೊಡ್ಡ ಉಪಕಾರ ಮಾಡುತ್ತದೆ. ಆಟಿ ತಿಂಗಳಿನಲ್ಲಿ, ಎಂದರೆ ಜುಲೈ-ಆಗಸ್ಟಿನ ಹೊತ್ತಿಗೆ, ಎಳೆಯ ಕುಡಿಗಳನ್ನು ನಾವು ಅಂಬಡೆ ಎಂಬ ವಡೆಗೆ ಕೊಯ್ದುಕೊಂಡು ಬಿಟ್ಟ ಮೇಲೆ, ಉಳಿದ ಬಲಿತ ಎಲೆಗಳಲ್ಲಿ ಗ್ರಾಸ್ ಯೆಲ್ಲೋ ಎಂಬ ಪುಟ್ಟ ಹಳದಿ ಚಿಟ್ಟೆಗಳೂ ಎಮಿಗ್ರೆಂಟ್ ಚಿಟ್ಟೆಗಳೂ ಮೊಟ್ಟೆಯಿಡುತ್ತವೆ. ಕಳೆ ಕೀಳಲು ಬಂದ ತೋಟದ ಕೆಲಸದವನಿಗೆ ಇದನ್ನು ವಿವರಿಸುವುದರಲ್ಲಿ ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು.

ಈಶ್ವರಿ ಬಳ್ಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕರ್ನಾಟಕದ ರಾಜ್ಯ ಚಿಟ್ಟೆಯೆಂದು ಘೋಷಿತವಾಗಿರುವ, 14 ಸೆಂಟಿಮೀಟರಿಗೂ ಹೆಚ್ಚು ಅಗಲಕ್ಕೆ ರೆಕ್ಕೆ ಹರಡುವ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವ ಗಿಡಗಳಲ್ಲಿ ಇದು ಪ್ರಮುಖವಾದುದು. ಮೂಡುಬಿದಿರೆಯ ಬಳಿ ಬೆಳ್ವಾಯಿಯ ಚಿಟ್ಟೆ ಪಾರ್ಕಿಗೆ ಹೋಗಿ ಬಂದವರೆಲ್ಲ ಈ ಬಳ್ಳಿಯನ್ನು ಹುಡುಕತೊಡಗುತ್ತಾರೆ, ನಾನೂ ಹಾಗೆಯೇ ಹುಡುಕಿದೆ. ನಮ್ಮ ಬಾಲ್ಕನಿಗೆ ಬರ್ಡ್‌ವಿಂಗ್ ಈವರೆಗೆ ಬಂದಿಲ್ಲ. ಮೂರನೆಯ ಮಹಡಿಯ ಒಂದು ಕುಂಡದ ಬಳ್ಳಿಗಾಗಿ ಅದು ಬಿಜೈವರೆಗೆ ಬರಬೇಕೆಂಬ ಹಟ ನನಗೂ ಈಗ ಇಲ್ಲ. ಆದರೆ ಅದೇ ಬಳ್ಳಿಯನ್ನು ತಿನ್ನುವ ಕಾಮನ್ ರೋಸ್ ಚಿಟ್ಟೆ ಬಂತು. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಈಶ್ವರಿ ಬಳ್ಳಿಯ ವಿಷವನ್ನು ಮರಿಹುಳುವಾಗಿದ್ದಾಗಲೇ ಮೈಯಲ್ಲಿ ತುಂಬಿಕೊಳ್ಳುವ ಕಾಮನ್ ರೋಸನ್ನು ಹಕ್ಕಿಗಳು ತಿನ್ನುವುದಿಲ್ಲ. ಕರಿಬೇವು ತಿಂದು ಬೆಳೆದ, ಯಾವ ವಿಷವೂ ಇಲ್ಲದ ಮಾರ್ಮನ್‌ನ ಹೆಣ್ಣುಗಳಲ್ಲಿ ಒಂದು ಬಗೆಯವು ಕಾಮನ್ ರೋಸಿನದೇ ಬಣ್ಣ, ಅದೇ ಕೆಂಪು ಚುಕ್ಕೆಗಳನ್ನು ತೊಟ್ಟುಕೊಂಡು ಹಕ್ಕಿಗಳನ್ನು ಏಮಾರಿಸುತ್ತವೆ. ನಿಜವಾದುದೂ ವೇಷ ಹಾಕಿದುದೂ ಒಂದೇ ಬಾಲ್ಕನಿಯಲ್ಲಿ, ಎರಡು ಕುಂಡಗಳ ಅಂತರದಲ್ಲಿ ಹುಟ್ಟಿದ್ದನ್ನು ನಾನು ನೋಡಿದ್ದೇನೆ. ಮೊದಮೊದಲು ನನಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ರೋಸಿನ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು ಎಂದು ಗೊತ್ತಾದ ಮೇಲೆ ಸುಲಭವಾಯಿತು.

ಈ ಬಳ್ಳಿಯನ್ನು ನೆಡುವವರಿಗೆ ಎರಡು ಎಚ್ಚರಿಕೆಗಳು. ನಾಟಿಮದ್ದೆಂದು ಇದನ್ನು ಬಾಯಿಗೆ ಹಾಕಬಾರದು, ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಅಲಂಕಾರಕ್ಕೆಂದು ಮಾರುವ, ದೊಡ್ಡ ಕೊಳವೆ ಹೂವಿನ ದಕ್ಷಿಣ ಅಮೆರಿಕದ ಜಾತಿಯನ್ನು ಇದರ ಬದಲಿಗೆ ತರಲೂಬಾರದು. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗಳು ಅಂತಹ ವಿದೇಶಿ ಬಳ್ಳಿಯ ಮೇಲೆ ಮೊಟ್ಟೆಯಿಟ್ಟು, ಎಲೆ ತಿಂದ ಮರಿಗಳು ಸತ್ತದ್ದು ದಾಖಲಾಗಿದೆ.

ನರ್ಸರಿಯ ಗಿಡಗಳ ಬಗ್ಗೆಯೂ ನನಗೊಂದು ಕಹಿ ಅನುಭವವಿದೆ. ಹುಳುಗಳಿಗೆಂದೇ ತಂದ ಎರಡನೆಯ ಕರಿಬೇವಿನ ಗಿಡ ಒಂದು ತೂತೂ ಇಲ್ಲದೆ ಮಿರಮಿರ ಮಿಂಚುತ್ತಿತ್ತು, ನಾನು ಅದನ್ನೇ ಆರಿಸಿ ತಂದಿದ್ದೆ. ಅದಕ್ಕೆ ವರ್ಗಾಯಿಸಿದ ನಾಲ್ಕು ಹುಳುಗಳೂ ಎರಡು ದಿನದಲ್ಲಿ ಕಪ್ಪಾಗಿ ಬಿದ್ದವು. ಕೆಲವು ಕೀಟನಾಶಕಗಳು, ಉದಾಹರಣೆಗೆ ಇಮಿಡಾಕ್ಲೋಪ್ರಿಡ್, ಎಲೆಯ ಮೇಲೆ ಮಾತ್ರ ನಿಲ್ಲದೆ ಗಿಡದ ರಸದೊಳಗೆ ಸೇರಿ ಎಲೆ, ಪರಾಗ, ಮಕರಂದಗಳಿಗೂ ತಲುಪುತ್ತವೆ; ತೊಳೆದರೆ ಹೋಗುವುದಿಲ್ಲ. ಯುರೋಪಿನ ಒಕ್ಕೂಟ 2018ರಲ್ಲಿ ತೆರೆದ ಹೊಲಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿದ್ದು ಜೇನುಗಳಿಗಾಗುವ ಹಾನಿಯ ಕಾರಣದಿಂದಲೇ. ನಾನು ತಂದ ಗಿಡಕ್ಕೆ ಏನು ಹೊಡೆದಿದ್ದರೆಂದು ಕೇಳಿದಾಗ ಅಂಗಡಿಯವರು ಸ್ಪಷ್ಟವಾಗಿ ಹೇಳಲಿಲ್ಲ. ಅಂದಿನಿಂದ ನಾನು ಹುಳು ತಿಂದ ಗುರುತಿರುವ ಗಿಡವನ್ನೇ ಆರಿಸುತ್ತೇನೆ, ಅಥವಾ ಪರಿಚಿತರ ಹಿತ್ತಿಲಿನಿಂದ ಕಡ್ಡಿ, ಬೀಜ, ಬುಡದ ಮರಿಗಿಡ ತರುತ್ತೇನೆ. ಹೊಸ ಗಿಡವನ್ನು ಎರಡು ಮೂರು ತಿಂಗಳು ಬೇರೆಯಾಗಿ ಇಟ್ಟು, ಹಳೆಯ ಎಲೆಗಳನ್ನೆಲ್ಲ ಸವರಿ, ಹೊಸ ಚಿಗುರು ಬಂದ ಮೇಲೆ ಉಳಿದವುಗಳ ಜೊತೆ ಸೇರಿಸುತ್ತೇನೆ. ಬೇವಿನ ಎಣ್ಣೆ ಸಾವಯವವಾದ್ದರಿಂದ ನಿರಪಾಯವೆಂಬ ನಂಬಿಕೆಯೂ ಅರ್ಧ ಸತ್ಯ ಮಾತ್ರ. ಎಲೆ ತಿನ್ನುವ ಹುಳುಗಳನ್ನು ತಡೆಯುವುದೇ ಅದರ ಕೆಲಸವಾದ್ದರಿಂದ ಚಿಟ್ಟೆಯ ಮರಿಯನ್ನೂ ಅದು ಬಿಡುವುದಿಲ್ಲ.

ಹೂವುಗಳ ವಿಷಯದಲ್ಲಿ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಒಂದು ನಿಯಮವಿದೆ: ಒಂಟಿ ಸುತ್ತಿನ ಹೂವೇ ಆಗಬೇಕು. ಎಸಳುಗಳು ಒತ್ತೊತ್ತಾಗಿ ತುಂಬಿದ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಕಡಿಮೆ, ಮಕರಂದಕ್ಕೆ ದಾರಿಯೂ ಇಲ್ಲ. ನಮ್ಮ ಗುಡ್ಡಗಳ ಕೆಂಪುಕಲ್ಲಿನ ನಡುವೆ ತಾನಾಗಿ ಬೆಳೆಯುವ ಕೇಪುಳ ಎಲ್ಲ ದೃಷ್ಟಿಯಿಂದಲೂ ಉತ್ತಮ. ಅದರ ಸಪೂರ ಕೊಳವೆಯೊಳಗೆ ಚಿಟ್ಟೆಯ ಸುರುಳಿ ನಾಲಿಗೆ ಸಲೀಸಾಗಿ ಇಳಿಯುತ್ತದೆ, ಹೂವು ಕಳೆದ ಮೇಲೆ ಬರುವ ಕೆಂಪು ಹಣ್ಣು ಪಿಕಳಾರಗಳಿಗೆ ಸಲ್ಲುತ್ತದೆ. ಗೋಪುರದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ರಥಪುಷ್ಪಕ್ಕೆ ದೊಡ್ಡ ಚಿಟ್ಟೆಗಳು ಮೊದಲು ಬರುತ್ತವೆ. ಕಾಯಿ ಒಣಗಿದಾಗ ಅಲ್ಲಾಡಿಸಿದರೆ ಗಿಲಿಗಿಲಿಯೆನ್ನುವ ಗಿಜಿಗಿಜಿ ಗಿಡದ ಬಾಡಿದ ಎಲೆ, ಕಾಂಡಗಳಿಗೆ ಬ್ಲೂ ಟೈಗರ್ ಜಾತಿಯ ಗಂಡು ಚಿಟ್ಟೆಗಳು ಮುತ್ತಿಕೊಳ್ಳುವುದು ಮಕರಂದಕ್ಕಲ್ಲ. ಹೆಣ್ಣನ್ನು ಒಲಿಸುವ ಸುಗಂಧವನ್ನು ತಯಾರಿಸಲು ಬೇಕಾದ ರಾಸಾಯನಿಕ ಅದರಲ್ಲಿದೆ. ತುಳಸಿಯ ಕದಿರನ್ನು ಚಿವುಟುತ್ತಿದ್ದರೆ ಗಿಡ ಚೆನ್ನಾಗಿ ಹರಡುತ್ತದೆ ಎಂಬುದು ಸರಿಯೇ, ಆದರೆ ಪೂಜೆಯ ತುಳಸಿಯ ಪಕ್ಕದಲ್ಲಿ ಇನ್ನೊಂದು ಕುಂಡವನ್ನು ಕದಿರಿಗೆಂದೇ ಬಿಟ್ಟರೆ ಅದರ ಸುತ್ತ ಬೆಳಗಿನಿಂದಲೂ ಜೇನುಗಳ ಗುಂಯ್‌ಗುಡುವಿಕೆ ನಿಲ್ಲುವುದಿಲ್ಲ. ಶಂಕರಪುರದ ಮಲ್ಲಿಗೆಯ ಗಿಡವೂ ನಮ್ಮಲ್ಲಿದೆ. ಉಡುಪಿಯ ಕಡೆ ಅದನ್ನು ಬಿರಿಯುವ ಮೊದಲೇ ಮೊಗ್ಗಿನಲ್ಲಿ ಕೊಯ್ದು, 800 ಮೊಗ್ಗಿನ ಚೆಂಡು ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕದಲ್ಲಿ ಮಾರುವುದರಿಂದ, ಆ ಪರಿಮಳ ಯಾವ ಕೀಟಕ್ಕಾಗಿ ಹುಟ್ಟಿತೋ ಅದಕ್ಕೆ ತಲುಪುವುದೇ ಇಲ್ಲ. ನಮ್ಮ ಗಿಡದಲ್ಲಿ ಕೆಲವು ಮೊಗ್ಗುಗಳನ್ನು ರಾತ್ರಿಗೆ ಬಿಡುತ್ತೇನೆ. ಬಾಲ್ಕನಿಯ ದೀಪವನ್ನು ಆರಿಸಿದ ದಿನ ಕತ್ತಲಲ್ಲಿ ಪತಂಗಗಳ ರೆಕ್ಕೆಯ ಸದ್ದು ಕೇಳಿದ್ದೂ ಉಂಟು.

ಜೇನುಗಳನ್ನು ನಾನು ಗಂಭೀರವಾಗಿ ಗಮನಿಸತೊಡಗಿದ್ದು ಗುಳ್ಳದ ಗಿಡದಿಂದ. ಉಡುಪಿಯ ಮಟ್ಟುವಿನಿಂದ ಬಂಧುಗಳು ಕೊಟ್ಟ ಬೀಜದಿಂದ ಎರಡು ಕುಂಡಗಳಲ್ಲಿ ಮಟ್ಟುಗುಳ್ಳ ಬೆಳೆಸಿದ್ದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬದನೆ ಮಟ್ಟುವಿನ ಮಣ್ಣಿನಲ್ಲಿ ಬರುವ ರುಚಿ ಬಿಜೈಯ ಕುಂಡದಲ್ಲಿ ಬರುವುದಿಲ್ಲ, ಅದನ್ನು ಬೇಗನೆ ಒಪ್ಪಿಕೊಂಡೆ; ಆದರೆ ಮೊದಲ ವರ್ಷ ಹೂವುಗಳಲ್ಲಿ ಹೆಚ್ಚಿನವು ಕಾಯಿ ಕಟ್ಟದೆ ಉದುರಿದ್ದು ಯಾಕೆಂದು ತಿಳಿಯಲಿಲ್ಲ. ಬದನೆಯ ಹೂವಿನಲ್ಲಿ ಪರಾಗ ಹೊರಗೆ ಧೂಳಾಗಿ ಕುಳಿತಿರುವುದಿಲ್ಲ. ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ಮಾತ್ರ ರಂಧ್ರವಿರುವ ಹಳದಿ ಕೊಳವೆಗಳೊಳಗೆ ಅದು ಅಡಗಿರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ಗಾಳಿಗೆ ಅಲುಗಿಯೂ ಅಷ್ಟಿಷ್ಟು ಕಾಯಿ ಕಟ್ಟುವುದುಂಟು, ಆದರೆ ಆ ಕೆಲಸವನ್ನು ಚೆನ್ನಾಗಿ ಮಾಡುವುದು ಕಪ್ಪು ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನು. ಇವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಿಚ್ಚದೆಯೇ ಹಾರಾಟದ ಸ್ನಾಯುಗಳನ್ನು ಮಿಡಿಸುತ್ತವೆ. ಹಾರುವಾಗಿನ ಸದ್ದಿಗಿಂತ ಏರಿದ ಸ್ವರದಲ್ಲಿ ಒಂದು ಝೇಂಕಾರ ಕೇಳುತ್ತದೆ, ಪರಾಗ ಹೊಟ್ಟೆಯ ಮೇಲೆ ಸುರಿಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಟೊಮೆಟೊ ಹೂವಿನದೂ ಇದೇ ಕಥೆ.

ನೀಲಿ ಪಟ್ಟೆಯ ಜೇನು ಗುಂಪು ಕಟ್ಟಿ ಬಾಳುವುದಿಲ್ಲ. ಒಂದೊಂದು ಹೆಣ್ಣೂ ಮಣ್ಣಿನಲ್ಲಿ ಬಿಲ ತೋಡಿ ತನ್ನ ಮೊಟ್ಟೆಗಳನ್ನು ತಾನೇ ಇಡುತ್ತದೆ. ದುಂಬಿ ಒಣ ಮರವನ್ನೋ ಬಿದಿರನ್ನೋ ಕೊರೆಯುತ್ತದೆ. ಹಾಗಾಗಿ ಕೆಳಗಿನ ಮಣ್ಣಿನ ಪಟ್ಟಿಯಲ್ಲಿ ಮಳೆ ಬೀಳದ ಒಂದು ಮೂಲೆಯನ್ನು ಗಿಡ ನೆಡದೆ, ತರಗೆಲೆ ಹರಡದೆ ಬರಿ ನೆಲವಾಗಿಯೇ ಬಿಟ್ಟಿದ್ದೇನೆ, ಬಾಲ್ಕನಿಯ ಮಾಡಿನ ಕೆಳಗೆ ಒಂದು ತುದಿ ಮುಚ್ಚಿದ, ಗೇಣುದ್ದದ ಬಿದಿರಿನ ತುಂಡುಗಳ ಕಟ್ಟೊಂದನ್ನು ಅಡ್ಡಲಾಗಿ ತೂಗುಹಾಕಿದ್ದೇನೆ. ಮೊದಲ ಮಳೆಗಾಲದಲ್ಲಿ ಆ ಬಿದಿರು ಇರಚಲಿಗೆ ಸಿಕ್ಕಿ ಬೂಸು ಹಿಡಿದು ಕೆಟ್ಟಿತು. ಈಗ ಅದು ಗೋಡೆಗೆ ಒತ್ತಿಕೊಂಡಿದೆ. ಎರಡನೆಯ ವರ್ಷ ಗುಳ್ಳ ನಾವು ಹಂಚುವಷ್ಟು ಬಿಟ್ಟಿತು.

ಮುಜಂಟಿ ಜೇನು ನಾನು ಕರೆಯದೆಯೇ ಬಂದದ್ದು. ಕೆಳಗೆ ಕರೆಂಟಿನ ಮೀಟರ್ ಪೆಟ್ಟಿಗೆಯ ಪಕ್ಕದ ಗೋಡೆಯ ಬಿರುಕಿನಲ್ಲಿ, ಅಂಟಿನಿಂದ ಕಟ್ಟಿದ ಪುಟ್ಟ ಕೊಳವೆಯೇ ಅದರ ಹೆಬ್ಬಾಗಿಲು. ನಾಲ್ಕು ಮಿಲಿಮೀಟರ್ ಉದ್ದದ, ಚುಚ್ಚಲಾರದ ಈ ಜೇನುಗಳನ್ನು ನೊಣವೆಂದು ತಿಳಿದು ಯಾರೋ ಸಿಮೆಂಟ್ ಮೆತ್ತಲು ಹೊರಟಾಗ ನಾನು ಓಡಿ ಹೋಗಿ ತಡೆದೆ. ಜನರ ಹೆದರಿಕೆ ಹೆಜ್ಜೇನಿನದು, ಅದು ಅರ್ಥವಾಗುವಂತಹುದೇ. ಬಾಲ್ಕನಿಯಲ್ಲಿ ಅದು ಹುಟ್ಟು ಕಟ್ಟಿದರೆ ನಾನೂ ಬಲ್ಲವರನ್ನೇ ಕರೆಯುತ್ತೇನೆ. ಆದರೆ ಹೂವಿಗೆ ಬಂದ ಜೇನು, ಅದು ಯಾವ ಜಾತಿಯದಾದರೂ, ಗೂಡನ್ನು ಕಾಯುವ ಹೊಣೆಯಲ್ಲಿರುವುದಿಲ್ಲ; ಕೈಯಲ್ಲಿ ಹಿಸುಕದ ಹೊರತು ಚುಚ್ಚುವುದು ಅಪರೂಪ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ನನ್ನ ತಂದೆಯ ಪೆಟ್ಟಿಗೆಗಳೂ ಆಗಲೇ ಖಾಲಿಯಾದವು. ಅವರು ಮತ್ತೆ ಜೇನು ಸಾಕಲಿಲ್ಲ.

ತೋಟಗಾರಿಕೆಯ ಸಲಹೆಗಳಲ್ಲಿ ಹೆಚ್ಚಿನವು ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ ಬೀಳುವ ಬೆಂಗಳೂರಿನಂತಹ ಊರುಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮಲ್ಲಿ 3,500 ಮಿ.ಮೀ.ಗಿಂತ ಹೆಚ್ಚು ಸುರಿಯುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕುಂಡದ ತೂತು ಒಂದೇ ಇದ್ದರೆ ಜೂನ್ ಮುಗಿಯುವುದರೊಳಗೆ ಬೇರು ಕೊಳೆಯುತ್ತದೆ. ನಾಲ್ಕು ತೂತುಗಳಿರಬೇಕು, ಅವುಗಳ ಮೇಲೆ ಹಂಚಿನ ಚೂರುಗಳಿರಬೇಕು, ಕುಂಡದ ಕೆಳಗಿನ ತಟ್ಟೆಗಳನ್ನು ಮೇ ಕೊನೆಯ ವಾರದ ಪತ್ತನಾಜೆಯ ಹೊತ್ತಿಗೆ ಎತ್ತಿಡಬೇಕು. ಗಾಳಿಗೆ ಮುರಿಯುವ ಗಿಡಗಳನ್ನು ಆಗಲೇ ಅರ್ಧಕ್ಕೆ ಸವರುತ್ತೇನೆ. ಜುಲೈಯಲ್ಲಿ ಬಾಲ್ಕನಿ ಬಿಕೋ ಎನ್ನುತ್ತದೆ, ಅದಕ್ಕೆ ಬೇಸರಪಡಬೇಕಾಗಿಲ್ಲ. ಸೋಣ ತಿಂಗಳಲ್ಲಿ, ಎಂದರೆ ಆಗಸ್ಟ್-ಸೆಪ್ಟೆಂಬರಿನಲ್ಲಿ, ಬಿಸಿಲು ಇಣುಕಿದೊಡನೆ ಚಿಗುರು, ಚಿಗುರಿನ ಹಿಂದೆಯೇ ಮೊಟ್ಟೆ; ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಚಿಟ್ಟೆಗಳಿಗೆ ನಮ್ಮ ಊರಿನ ಸುಗ್ಗಿ.

ನೀರಿನ ವಿಷಯದಲ್ಲಿ ಮಂಗಳೂರಿನವರು ಉಳಿದವರಿಗಿಂತ ಎರಡು ಪಟ್ಟು ಜಾಗರೂಕರಾಗಿರಬೇಕು. ದಶಕಗಳಿಂದ ಮಲೇರಿಯಾದೊಂದಿಗೆ ಹೆಣಗಿದ ಊರು ಇದು, 2019ರ ಮಳೆಗಾಲದಲ್ಲಿ ಡೆಂಗಿ ವ್ಯಾಪಕವಾಗಿ ಹರಡಿದ್ದು ಎಲ್ಲರಿಗೂ ನೆನಪಿದೆ. ಹಕ್ಕಿಗಳಿಗೆಂದು ನೀರಿಟ್ಟು ಮರೆತರೆ ನಾವು ಸಾಕುವುದು ಸೊಳ್ಳೆಗಳನ್ನು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನಮ್ಮ ಸೆಕೆಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಚೆಲ್ಲಿದ ಮೇಲೂ ತಿಂಗಳುಗಟ್ಟಲೆ ಒಣಗಿ ಬದುಕಿರಬಲ್ಲವು. ಆದುದರಿಂದ ನೀರು ಬದಲಿಸಿದರೆ ಸಾಲದು, ತಿಕ್ಕಿ ತೊಳೆಯಬೇಕು. ನಾನು ಇಟ್ಟಿರುವುದು ಅಂಚು ಒಡೆದ, ಅತ್ತೆಯವರ ಹಳೆಯ ಓಡುದೋಸೆಯ ಮಣ್ಣಿನ ಓಡು. ಆಳ ಒಂದೂವರೆ ಇಂಚಿಗಿಂತ ಹೆಚ್ಚಿಲ್ಲದಿರುವುದರಿಂದ ಪುಟ್ಟ ಹಕ್ಕಿಗಳು ನಿಂತು ಮೀಯಬಹುದು, ನಡುವೆ ಇಟ್ಟ ಎರಡು ಕಲ್ಲುಗಳ ಮೇಲೆ ಜೇನುಗಳು ಕುಳಿತು ಮುಳುಗದೆ ನೀರು ಕುಡಿಯಬಹುದು. ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕುತ್ತೇನೆ, ಊರಿಗೆ ಹೋಗುವಾಗ ಕವುಚಿ ಇಟ್ಟು ಹೋಗುತ್ತೇನೆ, ಮಳೆಗಾಲದ ನಾಲ್ಕು ತಿಂಗಳು ಅದನ್ನು ಹೊರಗಿಡುವುದೇ ಇಲ್ಲ. ಚಿಟ್ಟೆಗಳಿಗೆ ಬೇಕಾದದ್ದು ಬೇರೆ: ಒಂದು ತಟ್ಟೆಯಲ್ಲಿ ಒದ್ದೆ ಮಣ್ಣು, ಅದರಲ್ಲಿ ಚಿಟಿಕೆ ಉಪ್ಪು. ಗಂಡು ಚಿಟ್ಟೆಗಳು ಅಲ್ಲಿ ಕುಳಿತು ಲವಣ ಹೀರುತ್ತವೆ.

ಕಾಳು ಹಾಕುವುದನ್ನು ನಾನು ನಿಲ್ಲಿಸಿ ಎರಡು ವರ್ಷವಾಯಿತು. ಗುಬ್ಬಚ್ಚಿಗಳಿಗೆಂದು ಹಾಕಿದ ನುಚ್ಚಿಗೆ ಗುಬ್ಬಚ್ಚಿ ಬರಲಿಲ್ಲ, ಹತ್ತಾರು ಪಾರಿವಾಳಗಳು ಬಂದವು. ಮೇಲಿನ ಮನೆಯವರು ಬಲೆ ಕಟ್ಟಿಸಬೇಕಾಯಿತು, ಆ ಸಿಟ್ಟಿಗೆ ಅರ್ಹಳು ನಾನೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರ ಮನೆಗಳೆಲ್ಲ ಹಂಚಿನವಾದವು, ಹಂಚಿನ ಮಾಡಿನ ಸಂದುಗಳೆಲ್ಲ ಗುಬ್ಬಚ್ಚಿಗಳ ಬಾಣಂತಿ ಕೋಣೆಗಳಾದವು. ತಾರಸಿಯ ಮನೆಯಲ್ಲಿ ಅಂತಹ ಸಂದು ಎಲ್ಲಿದೆ? ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಹಂಚುವ ಮರದ ಪೆಟ್ಟಿಗೆಯೊಂದನ್ನು ನಾನೂ ತೂಗುಹಾಕಿದ್ದೇನೆ, ಅದು ಖಾಲಿಯಾಗಿಯೇ ಇದೆ. ಬಂದರಿನ ಹಳೆಯ ದಿನಸಿ ಅಂಗಡಿಗಳ ಕಡೆ ಹೋದಾಗ ಮಾತ್ರ ಗುಬ್ಬಚ್ಚಿಗಳನ್ನು ನೋಡಿ ಬರುತ್ತೇನೆ. ಸಕ್ಕರೆ ನೀರಿನ ಬಾಟಲಿಯನ್ನೂ ಒಮ್ಮೆ ಪ್ರಯತ್ನಿಸಿ ಬಿಟ್ಟೆ. ಸೂರಕ್ಕಿಗಿಂತ ಮೊದಲು ಇರುವೆಗಳು ಹತ್ತಿದವು, ಮರುದಿನ ಅದು ಹುಳಿಯಿತು.

ಸೂರಕ್ಕಿ ಬಂದದ್ದು ದಾಸವಾಳಕ್ಕೆ, ಉಳಿದದ್ದು ಜೇಡರ ಬಲೆಗೆ. ಕಳೆದ ವರ್ಷದ ಫೆಬ್ರವರಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ತುದಿಯಲ್ಲಿ ಕಸದ ಎಳೆಯೊಂದು ನೇತಾಡುತ್ತಿರುವುದನ್ನು ಅತ್ತೆಯವರು ಹಿಡಿಸೂಡಿಯಿಂದ ಎರಡು ಸಲ ತೆಗೆದುಹಾಕಿದರು. ಮೂರನೆಯ ಸಲ ಹೆಣ್ಣು ಸೂರಕ್ಕಿ ಅದಕ್ಕೆ ಜೇಡರ ನೂಲನ್ನು ಸುತ್ತುತ್ತಿರುವುದನ್ನು ಅವರೇ ಕಂಡು ನನ್ನನ್ನು ಕರೆದರು. ಕಸ, ತೊಗಟೆ, ನಾರುಗಳನ್ನು ಜೇಡರ ನೂಲಿನಿಂದ ಹೆಣೆದು, ಪಕ್ಕದಲ್ಲಿ ಬಾಗಿಲಿಟ್ಟು, ಜೋಳಿಗೆಯಂತೆ ತೂಗುವ ಆ ಗೂಡನ್ನು ಹೆಣ್ಣೇ ಕಟ್ಟುತ್ತದೆ, ಕಾವು ಕೊಡುವುದೂ ಅದೇ. ಬಾಲ್ಕನಿಯ ಮೂಲೆಯ ಬಲೆಗಳನ್ನು ಅಂದಿನಿಂದ ತೆಗೆಯುತ್ತಿಲ್ಲ. ಹಗ್ಗದ ಆ ಅರ್ಧ ಭಾಗವನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಬಿಟ್ಟುಕೊಟ್ಟೆವು, ಫೋಟೋ ತೆಗೆಯಲು ಹತ್ತಿರ ಹೋಗಲಿಲ್ಲ, ಯಾಕೆಂದರೆ ನಾವು ಎಲ್ಲಿಗೆ ಪದೇ ಪದೇ ಹೋಗುತ್ತೇವೆಂಬುದನ್ನು ಕಾಗೆಗಳು ಗಮನಿಸುತ್ತಿರುತ್ತವೆ. ಗಾಜಿನ ಜಾರುಬಾಗಿಲಿಗೆ ಮರಿಗಳು ಬಡಿದಾವೆಂದು ಹೊರಮೈಯಲ್ಲಿ ಎರಡೆರಡು ಇಂಚಿಗೆ ಒಂದರಂತೆ ಬಿಳಿ ಚುಕ್ಕೆಗಳನ್ನು ಅಂಟಿಸಿದೆವು.

ಆಗ ನನಗೆ ಆಶ್ಚರ್ಯವಾದದ್ದು ತಾಯಿಹಕ್ಕಿ ಮರಿಗಳಿಗೆ ತರುತ್ತಿದ್ದ ಆಹಾರ. ಮಕರಂದ ಹೀರುವ ಹಕ್ಕಿಯೆಂದೇ ನಾವು ತಿಳಿದಿರುವ ಸೂರಕ್ಕಿ ತನ್ನ ಮರಿಗಳಿಗೆ ಜೇಡ, ಪುಟ್ಟ ಹುಳು, ಕೀಟಗಳನ್ನು ತರುತ್ತದೆ. ಬೆಳೆಯುವ ಮೈಗೆ ಸಿಹಿನೀರು ಸಾಲದು. ಸಿಂಪಿಗ, ಮಡಿವಾಳ, ಪಿಕಳಾರ, ಗುಬ್ಬಚ್ಚಿ ಎಲ್ಲವೂ ಮರಿಗಳಿಗೆ ಹುಳುಗಳನ್ನೇ ತಿನ್ನಿಸುತ್ತವೆ. ಔಷಧಿ ಹೊಡೆದು ಹುಳುಗಳಿಲ್ಲದಂತೆ ಮಾಡಿದ ತೋಟದಲ್ಲಿ ಹೂವೂ ನೀರೂ ಎಷ್ಟಿದ್ದರೂ ಹಕ್ಕಿ ಗೂಡು ಕಟ್ಟಿ ಮಾಡುವುದೇನು? ಚಿಟ್ಟೆಗೆಂದು ನಾನು ಕಾಪಾಡಿದ ಹುಳುಗಳಲ್ಲಿ ಬಹುಪಾಲು ಹಕ್ಕಿಯ ಪಾಲಾಗುತ್ತವೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಮೊದಲ ವರ್ಷ ಹುಳುಗಳಿಗೆ ಸೊಳ್ಳೆಪರದೆಯ ಚೀಲ ಕಟ್ಟಿದ್ದೆ, ಈಗ ಕಟ್ಟುವುದಿಲ್ಲ.

ಈ ಸೋಣದಲ್ಲಿ ಕರಿಬೇವಿನ ಎರಡೂ ಗಿಡಗಳು ಚಿಗುರಿವೆ. ಕೆಳಗಿನ ಮಣ್ಣಿನ ಪಟ್ಟಿಯನ್ನು ಕಾಂಕ್ರೀಟು ಮಾಡಿದರೆ ಇನ್ನೆರಡು ಸ್ಕೂಟರ್ ನಿಲ್ಲಿಸಬಹುದೆಂಬ ಮಾತು ಸಭೆಯಲ್ಲಿ ಬಂದಿತ್ತು, ದೀಪಾವಳಿಯವರೆಗೆ ಅದನ್ನು ಮುಂದೆ ಹಾಕಿದ್ದಾರೆ. ನಿನ್ನೆ ಬೆಳಿಗ್ಗೆ ಸಾರಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಬಾಲ್ಕನಿಗೆ ಬಂದ ಅತ್ತೆಯವರು ಅಡುಗೆಯ ಗಿಡದ ಎಸಳೊಂದನ್ನು ಬಗ್ಗಿಸಿ, ಕನ್ನಡಕ ಸರಿಮಾಡಿಕೊಂಡು, ಎಲೆಗಳ ಅಡಿಯನ್ನು ಒಂದೊಂದಾಗಿ ನೋಡಿದರು. "ಇದರಲ್ಲಿ ಮೂರು ಮೊಟ್ಟೆ ಉಂಟು" ಎಂದು ಹೇಳಿ ಅದನ್ನು ಹಾಗೆಯೇ ಬಿಟ್ಟು ಪಕ್ಕದ ಎಸಳನ್ನು ಚಿವುಟಿಕೊಂಡು ಒಳಗೆ ಹೋದರು.